ಪತ್ರಿಕೋದ್ಯಮಕ್ಕೆ ಸೇರುವ ಮುನ್ನ ಪ್ರಾಯೋಗಿಕ ಪತ್ರಿಕೆ ಕೇಳಿ ನೋಡಿ

ಮಾನ್ಯರೇ,

ದ್ವಿತೀಯ ಪಿಯುಸಿ ಫಲಿತಾಂಶ ಬಂದೊಡನೆ ಮಾಧ್ಯಮ ಕೋರ್ಸುಗಳ ಬಣ್ಣದ ಕರಪತ್ರಗಳು ನಮ್ಮ ಜಿಲ್ಲೆಯ ಮನೆಮನೆಗೂ ಬರುತ್ತವೆ. ಸ್ಟುಡಿಯೋ, ಕ್ಯಾಮೆರಾ, ಹಸಿರು ಪರದೆ ಎಲ್ಲದರ ಫೋಟೋ ಅದರಲ್ಲಿರುತ್ತದೆ. ಒಟ್ಟು ಖರ್ಚು ಎಷ್ಟಾಗುತ್ತದೆ ಎನ್ನುವುದು ಮಾತ್ರ ಇರುವುದಿಲ್ಲ.

ಆ ಲೆಕ್ಕವನ್ನು ಪೋಷಕರೇ ಹಾಕಬೇಕು. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನ ಶುಲ್ಕ ವರ್ಷಕ್ಕೆ 90,000 ರೂಪಾಯಿ ಎಂದಿಟ್ಟುಕೊಳ್ಳಿ. ಪಿ.ಜಿ. ಬಾಡಿಗೆ, ಊಟ ಸೇರಿ ತಿಂಗಳಿಗೆ 7,000 ಎಂದರೂ ಹತ್ತು ತಿಂಗಳಿಗೆ 70,000. ಮೂರು ವರ್ಷಕ್ಕೆ 4.8 ಲಕ್ಷ. ಬಸ್ಸು, ಪುಸ್ತಕ, ಲ್ಯಾಪ್‌ಟಾಪ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಶಿಕ್ಷಣ ಸಾಲ ಮಾಡಿದರೆ ಓದುವಾಗ ಕಂತು ಕಟ್ಟಬೇಕಿಲ್ಲ, ನಿಜ. ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತಿರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ವರದಿಗಾರನ ಸಂಬಳಕ್ಕೆ ಆ ಕಂತು ಭಾರವಾಗಬಹುದು.

ಪದವಿಯನ್ನು ಊರಿನ ಹತ್ತಿರವೇ ಮುಗಿಸಿ, ಎಂ.ಎ.ಗೆ ಒಳ್ಳೆಯ ವಿಶ್ವವಿದ್ಯಾಲಯಕ್ಕೆ ಹೋಗುವುದು ಹಣಕ್ಕೂ ಕಲಿಕೆಗೂ ಲಾಭದ ದಾರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಬಿ.ಎ.ಯಲ್ಲಿ ಪತ್ರಿಕೋದ್ಯಮವನ್ನು ಒಂದು ಐಚ್ಛಿಕ ವಿಷಯವಾಗಿ ತೆಗೆದುಕೊಂಡು, ಜೊತೆಗೆ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಅಥವಾ ಕನ್ನಡ ಓದಬಹುದು. ಬಜೆಟ್ ಎಂದರೇನು, ಗ್ರಾಮ ಪಂಚಾಯಿತಿಯ ಅಧಿಕಾರ ಎಷ್ಟು ಎಂದು ತಿಳಿಯದವನಿಗೆ ಕ್ಯಾಮೆರಾ ಕೊಟ್ಟು ಏನು ಪ್ರಯೋಜನ? ಹತ್ತಿರದ ಕಾಲೇಜಿಗೆ ಹೋಗಿಬರಲು ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಖರ್ಚಿಲ್ಲ, ಹುಡುಗರಿಗೆ ವಿದ್ಯಾರ್ಥಿ ಪಾಸ್ ಇದೆ.

ಆದರೆ ಪದವಿ ಪ್ರವೇಶದ ಸರ್ಕಾರಿ ಜಾಲತಾಣವಾದ ಯುಯುಸಿಎಂಎಸ್‌ನಲ್ಲಿ ಅರ್ಜಿ ಹಾಕುವ ಮುನ್ನ ಕಾಲೇಜಿಗೆ ಖುದ್ದಾಗಿ ಹೋಗಿ. ಕಾಂಬಿನೇಷನ್ ಪಟ್ಟಿಯಲ್ಲಿ ಪತ್ರಿಕೋದ್ಯಮ ಇದ್ದರೂ ಸಾಕಷ್ಟು ವಿದ್ಯಾರ್ಥಿಗಳು ಸೇರದಿದ್ದರೆ ಆ ವರ್ಷ ತರಗತಿಯೇ ನಡೆಯದಿರಬಹುದು. ಆಗ ಮಕ್ಕಳು ಬೇರೆ ವಿಷಯಕ್ಕೆ ಹೋಗಬೇಕಾಗುತ್ತದೆ. ಕಳೆದ ವರ್ಷ ಎಷ್ಟು ಜನ ಸೇರಿದ್ದರು, ಕಾಯಂ ಉಪನ್ಯಾಸಕರಿದ್ದಾರೆಯೇ ಎಂದು ಕೇಳಿ. ಪೂರ್ತಿ ಅತಿಥಿ ಉಪನ್ಯಾಸಕರನ್ನೇ ನಂಬಿರುವ ವಿಭಾಗವಾದರೆ, ಅವರ ನೇಮಕ ತಡವಾದಷ್ಟೂ ಪಾಠವೂ ತಡ. ಇದು ಅವರ ತಪ್ಪಲ್ಲ, ನಷ್ಟ ಮಾತ್ರ ಮಕ್ಕಳಿಗೆ. ಹಾಸನ ವಿಶ್ವವಿದ್ಯಾಲಯ 2023ರಲ್ಲಿ ಆರಂಭವಾಗಿರುವುದರಿಂದ ಅಂಕಪಟ್ಟಿ ಯಾವ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬರುತ್ತದೆ ಎಂಬುದನ್ನೂ ಕೇಳಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾಗಿ, ವಿಭಾಗದ ಪ್ರಾಯೋಗಿಕ ಪತ್ರಿಕೆಯ, ಅಂದರೆ ವಿದ್ಯಾರ್ಥಿಗಳೇ ಅಭ್ಯಾಸಕ್ಕಾಗಿ ಹೊರತರುವ ಪತ್ರಿಕೆಯ, ಹಿಂದಿನ ನಾಲ್ಕು ಸಂಚಿಕೆ ಕೇಳಿ ಪಡೆಯಿರಿ. ಅಲ್ಲೇ ಕುಳಿತು ಓದಿ. ವರದಿಯ ಜೊತೆ ವಿದ್ಯಾರ್ಥಿಯ ಹೆಸರಿದೆಯೇ? ಕಾಲೇಜಿನ ಗೇಟಿನಾಚೆಯ ಸುದ್ದಿ ಇದೆಯೇ? ಬರೀ ವಾರ್ಷಿಕೋತ್ಸವ, ಎನ್‌ಎಸ್‌ಎಸ್ ಶಿಬಿರ, ಅತಿಥಿಗಳಿಗೆ ಹಾರ ಹಾಕಿದ ಫೋಟೋಗಳೇ ತುಂಬಿದ್ದರೆ ಅಲ್ಲಿ ವರದಿಗಾರಿಕೆ ಕಲಿಸುತ್ತಿಲ್ಲ ಎಂದೇ ಅರ್ಥ. ಹಾಸನದ ಎಪಿಎಂಸಿಯಲ್ಲಿ ಬಿತ್ತನೆ ಆಲೂಗಡ್ಡೆಯ ದರ, ಆಲೂರು, ಸಕಲೇಶಪುರದ ಕಾಡಾನೆ ಹಾವಳಿ, ಮೂಡಿಗೆರೆಯ ಭೂಕುಸಿತ, ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಬೇಲೂರು, ಹಳೇಬೀಡಿನ ಪೇಟೆ ಬೀದಿಗಳ ಸ್ಥಿತಿ: ಇಷ್ಟು ಸುದ್ದಿ ಕಣ್ಣೆದುರಿಗಿರುವ ಜಿಲ್ಲೆಗಳಲ್ಲಿ ಪ್ರಾಯೋಗಿಕ ಪತ್ರಿಕೆ ಬಡವಾಗಿರಲು ಕಾರಣವೇ ಇಲ್ಲ. ಸಂಚಿಕೆಯೇ ಇಲ್ಲವೆಂದರೆ ಸ್ಟುಡಿಯೋ ಎಷ್ಟು ದೊಡ್ಡದಾಗಿದ್ದರೂ ಆ ಕಾಲೇಜು ಬೇಡ.

ಕಂಪ್ಯೂಟರ್ ಕೊಠಡಿಯಲ್ಲಿ ಕನ್ನಡ ಯುನಿಕೋಡ್‌ನಲ್ಲಿ ಟೈಪಿಸುವುದನ್ನು ಕಲಿಸುತ್ತಾರೆಯೇ ಎಂದೂ ನೋಡಿ. ಹಳೆಯ ಅಕ್ಷರ ಮಾದರಿಗಳಲ್ಲೇ ಕಲಿತವರು ಬರೆದದ್ದನ್ನು ವೆಬ್‌ಸೈಟಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಧ್ವನಿ, ವಿಡಿಯೊ ಸಂಕಲನಕ್ಕೆ ಆಡಾಸಿಟಿ, ಡಾವಿಂಚಿ ರಿಸಾಲ್ವ್‌ನಂಥ ಉಚಿತ ತಂತ್ರಾಂಶಗಳಿವೆ. ಅದಕ್ಕಾಗಿ ಪ್ರತ್ಯೇಕ ಶುಲ್ಕ ಕೇಳಿದರೆ ಏಕೆಂದು ಪ್ರಶ್ನಿಸಿ.

ಎಂ.ಎ.ಗೆ ನಮಗೆ ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯಗಳು ಕಡಿಮೆಯೇನಿಲ್ಲ. ಮೈಸೂರಿನಲ್ಲಿ 1951ರಲ್ಲೇ ನಾಡಿಗ ಕೃಷ್ಣಮೂರ್ತಿಯವರು ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸಲು ಆರಂಭಿಸಿದರು. ಆ ಪರಂಪರೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಮುಂದುವರಿದಿದೆ. ಚಿಕ್ಕಮಗಳೂರಿನವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಘಟ್ಟ ಇಳಿದರೆ ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. 1965ರಲ್ಲಿ ಆರಂಭವಾದ ದೆಹಲಿಯ ಐಐಎಂಸಿಗೆ (ಭಾರತೀಯ ಜನಸಂಪರ್ಕ ಸಂಸ್ಥೆ) ಹೋಗಬಯಸುವವರು, ಅದರ ಪ್ರಾದೇಶಿಕ ಕೇಂದ್ರಗಳಲ್ಲಿ ಒಡಿಯಾ, ಮರಾಠಿ, ಮಲಯಾಳಂ ಪತ್ರಿಕೋದ್ಯಮದ ಕೋರ್ಸುಗಳಿದ್ದರೂ ಕನ್ನಡದ್ದಿಲ್ಲ ಎಂಬುದನ್ನು ತಿಳಿದಿರಬೇಕು. ದೂರಶಿಕ್ಷಣವಾದರೆ, ಆ ವರ್ಷಕ್ಕೆ ಆ ಕೋರ್ಸಿಗೇ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಇದೆಯೇ ಎಂದು ಯುಜಿಸಿ ಜಾಲತಾಣದಲ್ಲಿ ನೋಡದೆ ಹಣ ಕಟ್ಟಬೇಡಿ. ವಿಶ್ವವಿದ್ಯಾಲಯದ ಹೆಸರು ದೊಡ್ಡದಿದ್ದ ಮಾತ್ರಕ್ಕೆ ಅದರ ಎಲ್ಲ ಕೋರ್ಸಿಗೂ ಮಾನ್ಯತೆ ಇರುತ್ತದೆ ಎಂದೇನಿಲ್ಲ.

ವಿದ್ಯಾರ್ಥಿವೇತನದ ಅರ್ಜಿಗಳು ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಾಣದಲ್ಲಿ ಬಿದ್ದುಹೋಗುವುದು ಸಣ್ಣ ಕಾರಣಗಳಿಗೆ: ಆಧಾರ್‌ನಲ್ಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಹೆಸರಿನ ಕಾಗುಣಿತ ಬೇರೆ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಮೇ ತಿಂಗಳಲ್ಲೇ ಇವನ್ನು ಸರಿಪಡಿಸಿಕೊಳ್ಳಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗಿರುವ ವಿದ್ಯಾಸಿರಿ ಯೋಜನೆಯಲ್ಲಿ ಹತ್ತು ತಿಂಗಳು ಸಿಗುವ ಹಣ ಕೈತಪ್ಪಬಾರದು.

ಸೇರಿದ ಮೇಲೆ ಮನಸ್ಸು ಬದಲಾದರೆ ಕಟ್ಟಿದ್ದೆಲ್ಲ ಹೋಯಿತೆಂದು ಕೈಚೆಲ್ಲಬೇಡಿ. ಯುಜಿಸಿಯ 2018ರ ನಿಯಮದಂತೆ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟರೆ ಪೂರ್ತಿ ಶುಲ್ಕ ವಾಪಸ್. ಪ್ರಕ್ರಿಯೆ ಶುಲ್ಕವಾಗಿ ಕಟ್ಟಿದ ಹಣದ ಶೇ 5ಕ್ಕಿಂತ, ಅದರಲ್ಲೂ 5,000 ರೂಪಾಯಿಗಿಂತ ಹೆಚ್ಚು ಹಿಡಿಯುವಂತಿಲ್ಲ. 15 ದಿನಕ್ಕಿಂತ ಕಡಿಮೆ ಇದ್ದಾಗ ಶೇ 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50. ಆಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿಯನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ. ಬಿಡುವ ಅರ್ಜಿಯನ್ನು ಬರವಣಿಗೆಯಲ್ಲೇ ಕೊಟ್ಟು, ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದರೆ ದಿನದ ಲೆಕ್ಕಕ್ಕೆ ಸಾಕ್ಷಿ ಇರುವುದಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಜಿಲ್ಲೆಯ ಪತ್ರಿಕೆಗಳು ರಜೆಯ ತಿಂಗಳುಗಳಲ್ಲಿ ಇಬ್ಬಿಬ್ಬರು ಪದವಿ ವಿದ್ಯಾರ್ಥಿಗಳಿಗಾದರೂ ಇಂಟರ್ನ್‌ಶಿಪ್ ಕೊಡಲಿ. ಇಂಟರ್ನ್‌ಶಿಪ್ ಪತ್ರದ ಜೊತೆಗೆ, ಅವರು ಬರೆದು ಪ್ರಕಟವಾದ ಹತ್ತು ವರದಿಗಳ ತುಣುಕುಗಳೂ ಅವರ ಕೈಗೆ ಸಿಗಲಿ. ಮುಂದಿನ ಕೆಲಸಕ್ಕೆ ಅವರು ಮೇಜಿನ ಮೇಲಿಡುವುದು ಆ ತುಣುಕುಗಳನ್ನೇ. ತಮ್ಮ ಪತ್ರಿಕೆ ಇದನ್ನು ಈ ವರ್ಷವೇ ಆರಂಭಿಸಬೇಕೆಂದು ಕೇಳಿಕೊಳ್ಳುತ್ತೇವೆ.

– ಪತ್ರಿಕೋದ್ಯಮ ಉಪನ್ಯಾಸಕರಿಬ್ಬರು, ಹಾಸನ