ಹಾಳೆಗೆ ಮಿಷನ್ ಹೊಲಿಗೆ ಹಾಕಬಾರದು, ಮಗಾ

ಪುತ್ತೂರು

ಮಗಾ,

ನೀನು ಬಸ್ಸಿಗೆ ಹಾಕಿದ ಪಾರ್ಸೆಲು ನಿನ್ನೆ ಬೆಳಗ್ಗೆ ಸಿಕ್ಕಿತು. ‘ಬಿಚ್ಚಬೇಡ, ಬಚ್ಚಲ ಒಲೆಗೆ ಹಾಕು’ ಅಂದಿದ್ದೆ. ಹಾಕಲಿಲ್ಲ. ಮದುವೆ ಮನೆಯ ಎರಡು ರವಕೆ ಕೊಡಲಿಕ್ಕೆ ಬಾಕಿ ಇತ್ತು. ಅದನ್ನು ಬದಿಗಿಟ್ಟು ಕಾಲೇಜಿನ ಫ್ಯಾಶನ್ ಶೋದಲ್ಲಿ ಹುಡುಗಿ ತೊಟ್ಟು ನಡೆಯುವಾಗಲೇ ಸೀಳಿದ ನಿನ್ನ ಅಡಿಕೆ ಹಾಳೆಯ ಅಂಗಿಯನ್ನು ಕಟಿಂಗ್ ಮೇಜಿನ ಮೇಲೆ ಹರಡಿಕೊಂಡು ಕೂತೆ. ನಿನ್ನ ಅಪ್ಪ ಬಂದು ನೋಡಿ, ‘ಇದರಲ್ಲಿ ಎಷ್ಟು ತಟ್ಟೆ ಆಗ್ತಿತ್ತು’ ಅಂತ ಲೆಕ್ಕ ಹಾಕಿ ಹೋದರು.

ಎಡಗಡೆ ಪಕ್ಕೆಯ ಹೊಲಿಗೆ ಮೇಲಿಂದ ಕೆಳಗಿನವರೆಗೆ ಸೀಳಿದೆ. ದಾರ ಒಂದು ಕಡೆಯೂ ತುಂಡಾಗಿಲ್ಲ, ಹಾಳೆ ಮಾತ್ರ ಹೋಗಿದೆ. ನನಗೆ ಅಷ್ಟು ಕಂಡರೆ ಸಾಕು. ಹಾಳೆಯ ನಾರು ಉದ್ದಕ್ಕೆ ಓಡುತ್ತದೆ. ನೀನು ಆ ನಾರಿನ ಗೆರೆಯ ಮೇಲೆಯೇ ಸಣ್ಣ ಹೊಲಿಗೆ ಇಟ್ಟು ಮಿಷನ್ ಓಡಿಸಿದ್ದೀ. ಅಂಚೆಚೀಟಿ ಹರಿದು ಕೊಡಲಿಕ್ಕೆ ಸಾಲಾಗಿ ತೂತು ಹೊಡೆದಿರುತ್ತಾರಲ್ಲ, ಹಾಗಾಯಿತು. ಆ ಹುಡುಗಿ ನಾಲ್ಕು ಹೆಜ್ಜೆ ಹಾಕುವಷ್ಟು ಹೊತ್ತು ನಿಂತದ್ದೇ ಹೆಚ್ಚು.

ಹೋದ ರಜೆಯಲ್ಲಿ ನೀನೇ ಫೋನಿನಲ್ಲಿ ತೋರಿಸಿದ್ದೆ, ಪಾಕೊ ರಬಾನ್ ಎಂಬ ಫ್ಯಾಶನ್ ಡಿಸೈನರನ ಉಡುಪುಗಳನ್ನು. 1966ರಲ್ಲಿ ಪ್ಯಾರಿಸಿನಲ್ಲಿ ಹನ್ನೆರಡು ಉಡುಪು ತಂದು, ಇವು ತೊಡಲಿಕ್ಕಾಗದವು ಅಂತ ತಾನೇ ಹೆಸರಿಟ್ಟು ತೋರಿಸಿದವ. ಪ್ಯಾರಿಸಿನ ಹೆಸರಾಂತ ಡಿಸೈನರ್ ಶನೆಲ್ ಅವನನ್ನು ದರ್ಜಿಯಲ್ಲ, ಲೋಹದ ಕೆಲಸದವ ಅಂತ ಹಂಗಿಸಿದ್ದಳಂತೆ. ನಿನಗೆ ಆ ಮಾತೇ ಬಹಳ ಇಷ್ಟ. ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಅವನ ಅಮ್ಮ ಸ್ಪೇನಿನಲ್ಲಿ ಬಲೆನ್ಸಿಯಾಗ ಎಂಬ ದೊಡ್ಡ ಡಿಸೈನರನ ಹೊಲಿಗೆಮನೆಯಲ್ಲಿ ದೊಡ್ಡ ಕೆಲಸಗಾತಿ. ಮಗ ಕಲಿತದ್ದು ಕಟ್ಟಡ ಕಟ್ಟುವ ವಿದ್ಯೆ. ಹೊಲಿಗೆಯವಳ ಮಗ ಸೂಜಿ ಕೆಳಗಿಟ್ಟು ಇಕ್ಕಳ ಹಿಡಿದ ನೋಡು, ಅದು ಸೊಕ್ಕಿಗೆ ಅಲ್ಲ. ಪ್ಲಾಸ್ಟಿಕ್ ಬಿಲ್ಲೆಯನ್ನೂ ಅಲ್ಯೂಮಿನಿಯಂ ತಗಡನ್ನೂ ಸೂಜಿಯಿಂದ ಗೆಲ್ಲಲಿಕ್ಕಾಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ತುಂಡು ತುಂಡು ಮಾಡಿ, ಅಂಚಿಗೆ ತೂತು ತೆಗೆದು, ಲೋಹದ ಸಣ್ಣ ಬಳೆಗಳಿಂದ, ಅಂದರೆ ರಿಂಗುಗಳಿಂದ, ಒಂದಕ್ಕೊಂದು ಪೋಣಿಸಿದ. ಮೈ ತಿರುಗಿದಾಗ ಬಾಗುವುದು ಬಿಲ್ಲೆಯಲ್ಲ, ನಡುವಿನ ಬಳೆ. ನೀನು ಅವನ ಧೈರ್ಯ ತೆಗೆದುಕೊಂಡೆ, ಇಕ್ಕಳ ಬಿಟ್ಟೆ.

ಮತ್ತೆ ಆ ಇಂಗ್ಲೆಂಡಿನ ಡಿಸೈನರ್ ಮೆಕ್ವೀನ್. ಅವನ ಚಿಪ್ಪಿನ ಉಡುಪನ್ನು ತೊಟ್ಟವಳು ನಡೆಯುತ್ತಲೇ ಕಿತ್ತು ಹಾಕಿದಳಲ್ಲ, 2001ರ ಸಂಗ್ರಹದಲ್ಲಿ. ‘ಅವನದ್ದು ಒಡೆದರೆ ಕಲೆ, ನನ್ನದು ಒಡೆದರೆ ನಗೆಪಾಟಲು’ ಅಂತ ಫೋನಿನಲ್ಲಿ ಅತ್ತೆ. ನ್ಯಾಯ ಹೇಳುತ್ತೇನೆ, ಬೇಜಾರು ಮಾಡಬೇಡ. ಅವನು ಒಡೆಯಲಿ ಅಂತಲೇ ಕಟ್ಟಿದ್ದ. ನೀನು ಒಡೆಯಬಾರದು ಅಂತ ಕಟ್ಟಿದ್ದೆ. ಮುಂದಿನ ಸಲ ಆ ಮೇಷ್ಟ್ರು ಕೇಳಿದರೆ ‘ಬೇಕಂತಲೇ ಹಾಗೆ ಮಾಡಿದ್ದು’ ಅನ್ನಬೇಡ ಮಾರಾಯ್ತಿ. ಅವರು ನಕ್ಕದ್ದು ಮಾತ್ರ ಸರಿಯಲ್ಲ. ಅದನ್ನು ಅಲ್ಲಿಗೇ ಬಿಡು.

ಹಾಳೆ ನಿನಗೆ ಹೊಸತಲ್ಲ. ನೀನು ಮೂರು ತಿಂಗಳ ಮಗು ಇದ್ದಾಗ ಅಜ್ಜಿ ನಿನಗೆ ಎಣ್ಣೆ ಹಚ್ಚಿ ಹಾಳೆಯ ಮೇಲೆ ಮಲಗಿಸಿಯೇ ಮೀಯಿಸುತ್ತಿದ್ದದ್ದು. ಬಿಸಿನೀರು ಬಿದ್ದ ಹಾಳೆ ಎಷ್ಟು ಮೆತ್ತಗೆ ಅಂತ ನಿನ್ನ ಬೆನ್ನಿಗೆ ಗೊತ್ತಿರಬೇಕಿತ್ತು! ಕೆಲಸ ಅಲ್ಲೇ ಇರುವುದು. ಒಣಗಿದ್ದನ್ನು ಬಗ್ಗಿಸಲಿಕ್ಕೆ ಹೋಗಬೇಡ. ನೀರಿನಲ್ಲಿ ಹಾಕು, ಬಟ್ಟೆಯಂತೆ ಬಳುಕುವಾಗ ತೆಗೆ, ಡಮ್ಮಿಯ ಮೇಲೆ ಎಳೆದು ಕಟ್ಟು, ಅಲ್ಲೇ ಒಣಗಲಿ. ಯಾವ ಆಕಾರದಲ್ಲಿ ಒಣಗಿತೋ ಅದೇ ಆಕಾರದಲ್ಲಿ ನಿಲ್ಲುತ್ತದೆ. ತಟ್ಟೆ ಮಾಡುವವರು ಬಿಸಿ ಅಚ್ಚಿನಲ್ಲಿ ಒತ್ತುವುದೂ ಇದೇ ಗುಣ ನಂಬಿ. ಎದೆಯ ಆಕಾರಕ್ಕೆ ಮಡಿಕೆ ಹಾಕಿ ಟಕ್ಸ್ ಹಿಡಿಯುವ ಅಗತ್ಯವೇ ಇಲ್ಲ. ಪೂರ್ತಿ ಒಣಗದೆ ಪೆಟ್ಟಿಗೆಯೊಳಗೆ ಇಟ್ಟೀಯ ಮತ್ತೆ, ಬೂಸಲು ಬರುತ್ತದೆ.

ಜೋಡಣೆಗೆ ಬಳೆಯೇ ಸರಿ. ಟಾರ್ಪಾಲಿಗೆ ರಿಂಗ್ ಹೊಡೆದು ಕೊಡುವ ಅಂಗಡಿ ಬೆಂಗಳೂರಲ್ಲೂ ಇರಬೇಕು, ಅಲ್ಲಿಗೆ ಹೋಗು. ರಿಂಗುಗಳು ಒಂದೇ ನಾರಿನ ಮೇಲೆ ಸಾಲಾಗಿ ಬರಬಾರದು, ಒಂದು ಒಳಗೆ ಒಂದು ಹೊರಗೆ ಇರಲಿ. ರಿಂಗಿನ ಅಡಿಗೆ ಗಟ್ಟಿ ಬಟ್ಟೆಯ ಪಟ್ಟಿ ಇಡು. ಕಂಕುಳ ಹತ್ತಿರ ಹಾಳೆಯೇ ಬೇಡ, ಮೈ ಗೀರುತ್ತದೆ. ಅಲ್ಲಿಗೆ ಹತ್ತಿ ಸಾಕು.

ಇನ್ನೊಂದು. ಭೂತದ ಅಣಿಯ, ಭೂತ ಕಟ್ಟುವವರ ಬೆನ್ನಿಗೆ ಏರಿಸುವ ಆ ದೊಡ್ಡ ಕಮಾನಿನ, ಚಿತ್ರ ಕಳಿಸು, ಅದರ ಹಾಗೆ ಮಾಡುತ್ತೇನೆ ಅಂದಿದ್ದೆ. ಕಳಿಸುವುದಿಲ್ಲ. ಹಾಳೆಯಲ್ಲಿ ಅಷ್ಟು ದೊಡ್ಡ ಅಣಿ ಕಟ್ಟಿ, ಎಳೆ ತೆಂಗಿನ ಗರಿಯ ಸಿರಿ ಸೊಂಟಕ್ಕೆ ಸುತ್ತಿ, ರಾತ್ರಿಯಿಡೀ ಕುಣಿಯುತ್ತಾರೆ. ಅಷ್ಟು ಕುಣಿದರೂ ಅದು ಹೇಗೆ ತಡೆಯುತ್ತದೆ ಎಂಬುದು ಕಲಿಯತಕ್ಕದ್ದೇ. ಆದರೆ ಅದು ದೈವದ್ದು, ಕಟ್ಟುವ ಮನೆತನದವರದ್ದು. ರ‍್ಯಾಂಪಿನ ಮೇಲೆ ಅದರ ನಕಲು ನನಗೆ ಬೇಡ. ಈ ಸಲ ದೈವದ ನೇಮೋತ್ಸವಕ್ಕೆ ಊರಿಗೆ ಬಾ. ಸಂಜೆ ಬೇಗ ಹೋಗಿ, ಕೇಳಿಕೊಂಡು, ಬದಿಯಲ್ಲಿ ಕೂತು ಗರಿ ಸೀಳುವ ಕೈ ನೋಡು. ಫೋನು ಚೀಲದಲ್ಲಿರಲಿ.

ಇವತ್ತು ರಾತ್ರಿಯ ಬಸ್ಸಿಗೆ ಒಂದು ಕಟ್ಟು ಹಾಳೆ ಹಾಕುತ್ತಿದ್ದೇನೆ. ತೋಟದಲ್ಲಿ ಬಿದ್ದದ್ದರಲ್ಲಿ ಮಳೆ ತಾಗದ್ದನ್ನೇ ಆರಿಸಿದ್ದು, ಹದಿನಾಲ್ಕು ಉಂಟು. ಅದರ ನಡುವೆ ನಿನ್ನ ಅಜ್ಜನ ಹಾಳೆಟೊಪ್ಪಿ ಮುಟ್ಟಾಳೆಯೂ ಉಂಟು, ಅಡಿಕೆ ಗೊನೆ ಹೊರುವಾಗ ಇಟ್ಟುಕೊಳ್ಳುತ್ತಿದ್ದದ್ದು. ಅಷ್ಟು ವರ್ಷ ಭಾರ ಹೊತ್ತರೂ ಸೀಳಿಲ್ಲ. ಮಡಿಕೆ ಎಲ್ಲಿ, ದಾರ ಎಲ್ಲಿ ಅಂತ ಹೊರಗಿಂದ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಬದಿಯ ಹೊಲಿಗೆ ಬಿಚ್ಚಿ ಇಟ್ಟಿದ್ದೇನೆ. ನೋಡಿಯಾದ ಮೇಲೆ ನೀನೇ ಹಾಕಿ ತಾ.

ನಿನ್ನ
ಅಮ್ಮ