ವಿಡಿಯೊ ಕ್ಲಾಸಿನಲ್ಲಿ ನಮಗೂ ಮಾತಾಡಲು ಬಿಡಿ

ಮಾನ್ಯ ಸಂಪಾದಕರೇ,

ವಿಡಿಯೊ ಕಾನ್ಫರೆನ್ಸ್‌ನಲ್ಲಿ ಇಂಗ್ಲಿಷ್ ಕಲಿಯೋದು ಬರೀ ಟೈಮ್ ವೇಸ್ಟ್ ಅಂತ ಹೇಳುವವರು ಜಾಸ್ತಿ. ಕಲಿಯುತ್ತಿರುವ ನಮ್ಮನ್ನು ಕೇಳಿದವರು ಕಡಿಮೆ. ನಾನು ಪದವಿ ವಿದ್ಯಾರ್ಥಿನಿ. ನನಗೂ ನನ್ನ ಸಹಪಾಠಿಗಳಿಗೂ ಆನ್‌ಲೈನ್ ಕ್ಲಾಸ್ ಇಷ್ಟವೇ. ಆದರೆ ಅಲ್ಲಿ ಬಾಯಿ ಬಿಡಲು ಅವಕಾಶ ಸಿಗುತ್ತಿಲ್ಲ.

ಲೆಕ್ಕ ಹಾಕಿ ನೋಡಿ. 60 ಜನರ ಕ್ಲಾಸು, 60 ನಿಮಿಷ. ಮೇಷ್ಟ್ರು ಒಂದು ಮಾತೂ ಆಡದೆ ಕೂತರೂ ಒಬ್ಬೊಬ್ಬರಿಗೆ ಸಿಗೋದು ಒಂದೇ ನಿಮಿಷ. ಅದೇ ಕ್ಲಾಸನ್ನು ಬ್ರೇಕ್‌ಔಟ್ ರೂಮುಗಳಲ್ಲಿ, ಅಂದರೆ ಅದೇ ಕಾಲ್‌ನೊಳಗಿನ ಪುಟ್ಟ ಪ್ರತ್ಯೇಕ ಕೋಣೆಗಳಲ್ಲಿ, ನಾಲ್ಕು ನಾಲ್ಕು ಜನರಂತೆ ಹಂಚಿದರೆ 20 ನಿಮಿಷದಲ್ಲೇ ತಲಾ 5 ನಿಮಿಷ ಸಿಗುತ್ತದೆ. ಝೂಮ್, ಟೀಮ್ಸ್ ಎರಡರಲ್ಲೂ ಈ ಸೌಲಭ್ಯ ಇದೆ, ಬಳಸಬೇಕಷ್ಟೆ.

ದೊಡ್ಡ ಗುಂಪಿನಲ್ಲಿ ಏನಾಗುತ್ತದೆ ಗೊತ್ತಾ? ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ, ಇಬ್ಬರು ಒಟ್ಟಿಗೆ ಮ್ಯೂಟ್ ತೆಗೆದು ಮಾತು ಶುರು ಮಾಡುತ್ತಾರೆ, ಇಬ್ಬರೂ ನಿಲ್ಲಿಸುತ್ತಾರೆ, 'ನೀನು ಹೇಳು', 'ಇಲ್ಲ, ನೀನೇ ಹೇಳು' ಅನ್ನುವಷ್ಟರಲ್ಲಿ ಮೇಷ್ಟ್ರೇ ಉತ್ತರ ಹೇಳಿ ಮುಂದಿನ ಸ್ಲೈಡಿಗೆ ಹೋಗಿರುತ್ತಾರೆ. ಇದು ನಮ್ಮ ಸೋಮಾರಿತನ ಅಲ್ಲ. ಎದುರುಬದುರು ಕೂತಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗಲು ಸರಾಸರಿ 200 ಮಿಲಿಸೆಕೆಂಡ್ ಸಾಕು ಎಂದು 10 ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನವೊಂದು ತೋರಿಸಿದೆ. ನೆಟ್‌ನಲ್ಲಿ ದನಿ ತಲುಪುವುದೇ ತಡ. ಹಾಗಾಗಿ ಯಾರ ಸರದಿ ಅನ್ನೋದೇ ತಿಳಿಯುವುದಿಲ್ಲ. ಹೆಸರು ಹಿಡಿದು ಕರೆದು, ಉತ್ತರಕ್ಕೆ ಸ್ವಲ್ಪ ಕಾದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಒಳ್ಳೆಯದೂ ಬೇಕಾದಷ್ಟಿದೆ. ಇಂಗ್ಲಿಷಿನ ವಿ ಮತ್ತು ಡಬ್ಲ್ಯೂ ಹೇಳುವಾಗ ತುಟಿ ಹೇಗಿರಬೇಕು ಅನ್ನೋದು ಕೊನೇ ಬೆಂಚಿಗೆ ಕಾಣುವುದಿಲ್ಲ, ಪರದೆಯಲ್ಲಿ ಎಲ್ಲರಿಗೂ ಹತ್ತಿರದಿಂದ ಕಾಣುತ್ತದೆ. ದೂರದ ದೇಶದ ವಿದ್ಯಾರ್ಥಿಗಳ ಜೊತೆ ನೇರ ಮಾತಾಡಬಹುದು. ನಾಚಿಕೆಯಿಂದ ಸುಮ್ನೆ ಕೂರುತ್ತಿದ್ದ ಕೆಲವರಿಗೆ ಕ್ಯಾಮೆರಾ ಆಫ್ ಇದ್ದರೆ ಧೈರ್ಯ ಬರುತ್ತದೆ, ಅಂಥವರನ್ನು ಮೊದಲ ವಾರವೇ ಕ್ಯಾಮೆರಾ ಹಾಕು ಅಂತ ಗದರಿಸಿದರೆ ಇದ್ದ ಮಾತೂ ನಿಂತುಹೋಗುತ್ತದೆ. ವಿಡಿಯೊ ಕಾಲ್‌ನಲ್ಲಿ ತಮ್ಮ ಮುಖವನ್ನೇ ನೋಡುತ್ತಾ ಕೂರುವುದು ದಣಿವಿಗೆ ಒಂದು ಕಾರಣ ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲೇ ಬರೆದಿದ್ದಾರೆ. ಸೆಲ್ಫ್ ವ್ಯೂ, ಅಂದರೆ ಪರದೆಯಲ್ಲಿ ನಮಗೆ ಕಾಣುವ ನಮ್ಮದೇ ಚಿತ್ರ, ಮರೆಮಾಡುವುದು ಹೇಗೆಂದು ಮೊದಲ ದಿನವೇ ಹೇಳಿಕೊಟ್ಟರೆ ಎಷ್ಟೋ ಅನುಕೂಲ, ಅಲ್ವಾ?

ಸೆಮಿಸ್ಟರ್ ಕೊನೆಯ ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ನೆಟ್ ಹೇಗಿತ್ತು, ಆಡಿಯೊ ಹೇಗಿತ್ತು ಎಂದಷ್ಟೇ ಕೇಳುತ್ತಾರೆ. ಕ್ಲಾಸಿನಲ್ಲಿ ನೀವು ಎಷ್ಟು ನಿಮಿಷ ಇಂಗ್ಲಿಷ್ ಮಾತಾಡಿದಿರಿ ಎಂಬ ಪ್ರಶ್ನೆಯನ್ನೂ ಸೇರಿಸಿ, ಬಂದ ಉತ್ತರಗಳನ್ನು ಮುಂದಿನ ಟೈಮ್‌ಟೇಬಲ್ ಮಾಡುವವರಿಗೆ ತಲುಪಿಸಬೇಕೆಂದು ವಿಶ್ವವಿದ್ಯಾಲಯಗಳನ್ನು ಕೋರುತ್ತೇನೆ.

– ಒಬ್ಬ ಪದವಿ ವಿದ್ಯಾರ್ಥಿನಿ