ಹೆಸರಿಲ್ಲದ ರೊಟ್ಟಿ

ಕೊಪ್ಪಳ

ತಮ್ಮಾ,

ನೀನು ಕಳಿಸಿದ 22 ಕವಿತೆಗಳನ್ನು ಎರಡು ಸಲ ಓದಿದೆ. ಮೊದಲನೇ ಸಲ ಮಧ್ಯಾಹ್ನ ಉಂಡ ಮೇಲೆ. ನಿದ್ದೆ ಬಂತು. ಅದು ನಿನ್ನ ತಪ್ಪಲ್ಲ, ಬಿಸಿಲಿಂದು. ಎರಡನೇ ಸಲ ನಸುಕಿನಲ್ಲಿ ಎದ್ದು, ಪೆನ್ಸಿಲ್ ಹಿಡಿದು ಓದಿದೆ. 'ಶಾಂತಿ' 19 ಕಡೆ ಬಂದಿದೆ, 'ಕೃತಜ್ಞತೆ' 11 ಕಡೆ.

ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀಯ, ಗೊತ್ತು. ಆದರೆ ನಿನ್ನ ಕವಿತೆಗಳಲ್ಲಿ ಕೊಡುವವನು ಯಾವಾಗಲೂ 'ನಾನು'. ಹಸಿದವನಿಗೆ ಅನ್ನ ಕೊಟ್ಟೆ, ಬಾಯಾರಿದವನಿಗೆ ನೀರು ಕೊಟ್ಟೆ, ಅಳುವವರ ಕಣ್ಣೀರು ಒರೆಸಿದೆ. ಇಸಿದುಕೊಂಡವನ ಮುಖ ಒಂದು ಕಡೆಯಾದರೂ ಕಾಣುತ್ತದಾ? ಸುಮ್ನೆ ಕೈ ಚಾಚಿ ನಿಂತಿದ್ದಾನೆ, ಪಾಪ, ಮೊದಲನೇ ಪುಟದಿಂದ ಕೊನೇ ಪುಟದ ತನಕ.

ಜನವರಿಯಲ್ಲಿ ನಮ್ಮ ಕೊಪ್ಪಳದ ಗವಿಮಠದ ಜಾತ್ರೆಗೆ ಬಂದಿದ್ದೆಯಲ್ಲ? ತೇರು ನೋಡಿ ಹೋಗಿರುತ್ತೀಯ. ಮುಂದಿನ ಸಲ ದಾಸೋಹದ ಕಡೆ ರೊಟ್ಟಿ ಒಟ್ಟಿರುವ ಜಾಗಕ್ಕೆ ಬಾ. ಜಾತ್ರೆಗೆ ಮುಂಚೆಯೇ ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರು ಕೂಡಿ ಜೋಳದ ರೊಟ್ಟಿ ಬಡಿಯುತ್ತಾರೆ. ಖಡಕ್ ಮಾಡಿ, ಚಕ್ಕಡಿ, ಟ್ರ್ಯಾಕ್ಟರ್‌ಗಳಲ್ಲಿ ಹೇರಿ ಮಠಕ್ಕೆ ಕಳಿಸುತ್ತಾರೆ. ಲಕ್ಷಗಟ್ಟಲೆ ರೊಟ್ಟಿ. ನಾನೂ ಬಡಿದಿದ್ದೇನೆ. ಬಡಿಯುವಾಗ ನಮ್ಮ ಓಣಿಯವರ ಮಾತೆಲ್ಲ ಸೊಸೆ, ಮೊಣಕಾಲು ನೋವು, ಜೋಳದ ರೇಟು. ದಾನಧರ್ಮದ ಸುದ್ದಿ ಒಬ್ಬರೂ ಎತ್ತುವುದಿಲ್ಲ. ನನ್ನ ರೊಟ್ಟಿ ಒಂದು ಕಡೆ ದಪ್ಪ ಆಗುತ್ತದೆ, ಮೊದಲಿನಿಂದಲೂ ಹಾಗೇ. ಒಟ್ಟಿಲಿಗೆ ಸೇರಿದ ಮೇಲೆ ಅದನ್ನು ನಾನೇ ಹುಡುಕಿದರೂ ಸಿಗುವುದಿಲ್ಲ. ಉಂಡವರಿಗೆ ಬಡಿದವರು ಗೊತ್ತಿಲ್ಲ, ಬಡಿದವರಿಗೆ ಉಂಡವರು ಗೊತ್ತಿಲ್ಲ. ನೀನು ಒಂದೊಂದು ರೊಟ್ಟಿಯ ಮೇಲೂ ಹೆಸರು ಬರೆದು ಕಳಿಸಿದ್ದೀಯ.

ಹೆಸರಿನ ಮಾತು ಬಂತು ಅಂತ ಹೇಳುತ್ತೇನೆ. ಅದೇ ಗವಿಮಠದ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಫಲ ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ ಅನ್ನುವ ಅರ್ಥದ ಮಾತು ಅದರಲ್ಲಿದೆ. ನಮ್ಮ ಬಂಡೆಯ ಮೇಲೆ ಅವನು ಬರೀ ದೇವಾನಾಂಪ್ರಿಯ, ಅಂದರೆ ದೇವರಿಗೆ ಪ್ರಿಯನಾದವನು. ಅವನ ಶಾಸನಗಳಲ್ಲಿ ಅಶೋಕ ಅನ್ನುವ ಹೆಸರು ಮೊದಲು ಸಿಕ್ಕಿದ್ದು ನಿಮ್ಮ ರಾಯಚೂರು ಕಡೆ, ಮಸ್ಕಿಯಲ್ಲಿ, 1915ರಲ್ಲಿ. ಹೆಸರಿನ ಆಸೆ ರಾಯಚೂರು ಜಿಲ್ಲೆಯವರಿಗೇ ಸ್ವಲ್ಪ ಜಾಸ್ತಿ ಅಂತ ಕಾಣುತ್ತದೆ! ಸಿಟ್ಟಾಗಬೇಡ.

ನಿಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವಳು ವಚನ ಬರೆದ ಆಯ್ದಕ್ಕಿ ಲಕ್ಕಮ್ಮ. 12ನೇ ಶತಮಾನ. ಗಂಡ ಮಾರಯ್ಯ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಅದರಲ್ಲೇ ಇವರ ಮನೆಯ ದಾಸೋಹ ನಡೆಯಬೇಕು. ಒಂದು ದಿನ ಅವನು ದಿನಕ್ಕಿಂತ ಜಾಸ್ತಿ ತಂದ. ಲಕ್ಕಮ್ಮ ವಚನದಲ್ಲೇ ಕೇಳಿದಳು: 'ಈಸಕ್ಕಿಯಾಸೆ ನಿಮಗೇಕೆ?' ಇಷ್ಟು ಅಕ್ಕಿಯ ಆಸೆ ಯಾಕೆ ಅಂತ. ಹೆಚ್ಚಿಗೆ ತಂದದ್ದನ್ನು ವಾಪಸ್ ಕಳಿಸಿದಳು. ಆ ವಚನದಲ್ಲಿ 'ದಾನ' ಅನ್ನುವ ಮಾತಿಲ್ಲ, 'ಶಾಂತಿ' ಇಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ಗಂಡನನ್ನು ಗದರುವ ದನಿ ಇದೆ. 'ಈಸಕ್ಕಿ' ಅಂತ ಬಾಯಿಬಿಟ್ಟು ಹೇಳಿ ನೋಡು, ಅವಳ ಕಣ್ಣು ಮೊರದ ಮೇಲೇ ಇದೆ ಅನ್ನಿಸುತ್ತದೆ. ಎಷ್ಟು ಸಾಕು ಅಂತ ಆ ಹೆಣ್ಣುಮಗಳಿಗೆ ಗೊತ್ತಿತ್ತು. ನೀನು 19 ಸಲ ಕರೆದರೂ ಬರದ ಶಾಂತಿ ಅಲ್ಲಿ ಕರೆಯದೇ ಬಂದು ಕೂತಿದೆ. ವಚನದ ಕೊನೆಗೆ ಗಂಡನ ಹೆಸರಿದೆ, ದೇವರ ಹೆಸರಿದೆ, ಅವಳದಿಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೂ ಇದೆ. ಅದು ಇನ್ನೊಂದು ಪತ್ರಕ್ಕೆ ಇರಲಿ.

ನನ್ನ ಕಥೆಯೂ ಕೇಳು. ಯಲಬುರ್ಗಾ ಕಡೆ ಒಂದು ಹಳ್ಳಿಯಲ್ಲಿ ಟೀಚರ್ ಆಗಿದ್ದೆ. ಒಂದು ದಿನ ಬಸ್ಸು ತಪ್ಪಿತು. ಬೇವಿನ ಗಿಡದ ಕೆಳಗೆ ಹೊಲದ ಕೆಲಸದ ಒಬ್ಬ ಮುದುಕಿ ಬುತ್ತಿ ಬಿಚ್ಚಿದ್ದಳು. ನಾಲ್ಕು ರೊಟ್ಟಿ, ಪುಂಡಿಪಲ್ಲೆ. ಎರಡು ರೊಟ್ಟಿ ನನ್ನ ಕೈಗೆ ಕೊಟ್ಟಳು. ಹಸಿವಾಗಿತ್ತು, ತಿಂದೆ. ಆಮೇಲೆ ಹತ್ತು ರೂಪಾಯಿ ನೋಟು ಮುಂದೆ ಹಿಡಿದೆ. 'ಯವ್ವಾ, ರೊಟ್ಟಿಗೆ ರೊಕ್ಕ ಕೊಡ್ತಾರೇನ?' ಅಂದು ಮುಖ ತಿರುಗಿಸಿದಳು. ಬಸ್ಸು ಬರುವ ತನಕ ಮಾತಾಡಲಿಲ್ಲ.

ಅವತ್ತು ರಾತ್ರಿಯೇ ಅವಳನ್ನು ಅನ್ನಪೂರ್ಣೆ ಮಾಡಿ ಕವಿತೆ ಬರೆದೆ. ಪತ್ರಿಕೆಯವರು ವಾಪಸ್ ಕಳಿಸಿದರು. ಸರಿಯಾಗೇ ಮಾಡಿದರು. ಅದರಲ್ಲಿ ನೋಟು ಇರಲಿಲ್ಲ, ಮುಚ್ಚಿಟ್ಟಿದ್ದೆ. ಹತ್ತು ವರ್ಷ ಆದಮೇಲೆ ಬರೀ ಆ ನೋಟಿನ ಬಗ್ಗೆ ಬರೆದೆ, ಮುಷ್ಟಿಯಲ್ಲಿ ಬೆವರಿಗೆ ಮೆತ್ತಗಾದ ನೋಟು. ಅಷ್ಟೊತ್ತಿಗೆ ಅವಳು ಇದ್ದಳೋ ಇಲ್ಲವೋ. ಋಣದಲ್ಲಿ ಇಂಥ ನಾಚಿಕೆಯೂ ಇರುತ್ತದೆ, ತಮ್ಮಾ. ನಿನ್ನ ಕೃತಜ್ಞತೆ ಬಹಳ ಸ್ವಚ್ಛ, ಇಸ್ತ್ರಿ ಮಾಡಿದ ಹಾಗಿದೆ.

ಇನ್ನು ಮಾತು. ನಮ್ಮ ಮನೆಗಳಲ್ಲಿ 'ಧನ್ಯವಾದ' ಅಂತ ಯಾರು ಅನ್ನುತ್ತಾರೆ? ಅದು ವೇದಿಕೆ ಮೇಲೆ, ವಂದನಾರ್ಪಣೆಯಲ್ಲಿ. ನೀರು ಕುಡಿದ ಮುದುಕ 'ನಿನ್ನ ಹೊಟ್ಟಿ ತಣ್ಣಗಿರಲಿ' ಅನ್ನುತ್ತಾನೆ. ಬಿಸಿಲು 40 ಡಿಗ್ರಿ ದಾಟುವ ಸೀಮೆ ನಮ್ಮದು. ಇಲ್ಲಿ ನೆಮ್ಮದಿ ಅಂದರೆ ತಂಪು. ನಿನ್ನ ಕವಿತೆಯ ಶಾಂತಿಯಲ್ಲಿ ಹಿಮದ ಬೆಟ್ಟ ಬರುತ್ತದೆ. ನೀನು ಯಾವಾಗ ನೋಡಿದೆ? ನಿನ್ನ ಮನೆಯ ಮಣ್ಣಿನ ಕೊಡದ ಹೊರಮೈ ಮುಟ್ಟಿ ನೋಡು, ನಸುಕಿನಲ್ಲಿ.

ಹದಿನಾಲ್ಕನೇ ಕವಿತೆ ಮಾತ್ರ ಬೇರೆ. ನಿನ್ನಜ್ಜಿ ಪಕ್ಕದ ಮನೆಯಿಂದ ಜೋಳ ಕಡ ತರುವಾಗ ಅಂಗೈಯಿಂದ ಸವರಿ ಮಟ್ಟಸವಾಗಿ ಅಳೆಸಿಕೊಂಡು ತರುತ್ತಾಳೆ, ತಿರುಗಿ ಕೊಡುವಾಗ ಗೋಪುರ ಏರಿಸಿ ಕೊಡುತ್ತಾಳೆ. ಇದನ್ನು ಓದಿ ಪೆನ್ಸಿಲ್ ಕೆಳಗಿಟ್ಟೆ. ಹಾಗೆ ತುಂಬಿದ ಅಳತೆಯನ್ನು ಹೊಸ್ತಿಲು ದಾಟಿಸುವಾಗ ನಾಲ್ಕು ಕಾಳಾದರೂ ಉದುರಿರಬೇಕಲ್ಲ? ಯಾರು ಆಯ್ದರು, ಕೋಳಿ ತಿಂದವಾ? ಅದನ್ನು ಬಿಟ್ಟು ನೀನು 'ಇದೇ ಅಲ್ಲವೇ ನಿಜವಾದ ಔದಾರ್ಯ' ಅಂತ ಮೂರು ಸಾಲು ಹಚ್ಚಿದ್ದೀಯ. ಆ ಮೂರು ಸಾಲು ಹೊಡೆದುಹಾಕು. ಮತ್ತೆ ಆ ಅಳತೆ ಸೇರೋ, ಪಾವೋ? ಕವಿತೆಯಲ್ಲಿ ಬರೀ 'ಪಾತ್ರೆ' ಅಂತ ಬರೆದಿದ್ದೀಯ. ಅಜ್ಜಿಯನ್ನೇ ಕೇಳಿ ತಿಳಿಸು.

ನಿನ್ನ ಅಕ್ಕ